ಗುಳಿಗೆ ಮತ್ತು ಗಂಗಾಳ

ಜಮಖಂಡಿ, ಮುಧೋಳ, ಬೀಳಗಿಗಳ ಹೊಲಗಳಲ್ಲಿ ಕಬ್ಬು ಕಡಿಯುವವರಿಗೂ ರಬಕವಿ-ಬನಹಟ್ಟಿಯ ಮಗ್ಗಗಳ ಮುಂದೆ ದಿನವಿಡೀ ದುಡಿಯುವವರಿಗೂ ಮೈಕೈನೋವು ಹೊಸದಲ್ಲ. ಸಂಜೆಗೆ ಬಿಸಿನೀರು ಹೊಯ್ದುಕೊಂಡು ಮಲಗಿದರೆ ಆಯಿತೆಂದು ಅವರು ಅದನ್ನು ಮರೆಯುತ್ತಾರೆ. ಆದರೆ ರಕ್ತದಲ್ಲಿನ ಕೊಲೆಸ್ಟರಾಲನ್ನು ಇಳಿಸುವ ಗುಳಿಗೆಯನ್ನು ಸೇವಿಸುವವರು ಈ ನೋವನ್ನು ಅಷ್ಟು ಸುಲಭವಾಗಿ ಮರೆಯಲಾಗದು. ಅದೇಕೆಂಬುದನ್ನು ನೋಡೋಣ.

ಕೊಲೆಸ್ಟರಾಲು ಮೇಣದಂತಹ ಒಂದು ವಸ್ತು. ದೇಹಕ್ಕೆ ಅದು ಬೇಕೇ ಬೇಕು. ಮಿತಿ ಮೀರಿದರೆ ಮಾತ್ರ ರಕ್ತನಾಳಗಳ ಒಳಗೋಡೆಗೆ ಅಂಟಿ ಹೃದಯಕ್ಕೆ ಕುತ್ತು ತರುತ್ತದೆ. ಅದರ ಹೆಚ್ಚಿನ ಪಾಲು ಆಹಾರದಿಂದ ಬರುವುದಿಲ್ಲ, ದೇಹದಲ್ಲಿಯೇ ತಯಾರಾಗುತ್ತದೆ. ಆದುದರಿಂದಲೇ ಮಾಂಸವನ್ನು ಮುಟ್ಟದವರಿಗೂ ಅದು ಏರುವುದುಂಟು. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ, 1973ರಲ್ಲಿ ಪೆನಿಸಿಲಿಯಮ್ ಜಾತಿಯ ಒಂದು ಬೂಷ್ಟಿನಲ್ಲಿ ಈ ತಯಾರಿಕೆಯನ್ನು ತಡೆಯುವ ಪದಾರ್ಥವನ್ನು ಕಂಡುಹಿಡಿದನು. ಇಂದಿನ ಸ್ಟ್ಯಾಟಿನ್ ಗುಳಿಗೆಗಳಿಗೆ ಅದೇ ಮೂಲ.

ಗುಳಿಗೆ ಇದೆಯೆಂದು ಗಂಗಾಳದಲ್ಲಿ ಏನನ್ನಾದರೂ ಬಡಿಸಿಕೊಳ್ಳಬಹುದೆ? ಕೂಡದು. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಅಗಸಿ ಚಟ್ನಿ, ಇವು ಈ ಸೀಮೆಯ ಉತ್ತಮ ಊಟ; ಕಾಳುಗಳ ಮತ್ತು ಸೊಪ್ಪಿನ ನಾರು ಕೊಲೆಸ್ಟರಾಲನ್ನು ಇಳಿಸಲು ನೆರವಾಗುತ್ತದೆ. ಶೇಂಗಾ, ಕುಸುಬೆ ಮೊದಲಾದ ಯಾವ ಸಸ್ಯದ ಎಣ್ಣೆಯಲ್ಲಿಯೂ ಕೊಲೆಸ್ಟರಾಲು ಇರುವುದಿಲ್ಲ. ಹಾಗೆಂದು ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿದ ಮಿರ್ಚಿ ಭಜಿಯನ್ನು ಯಾರೂ ಪಥ್ಯವೆನ್ನಲಾರರು! ಹೋಳಿಗೆಯ ಮೇಲಿನ ತುಪ್ಪಕ್ಕೂ ಮಿತಿ ಬೇಕು. ಬೆಲ್ಲದಲ್ಲಿ ಕೊಲೆಸ್ಟರಾಲು ಇಲ್ಲ. ಆದರೂ ಸಿಹಿ ಅತಿಯಾದರೆ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬು ಏರುತ್ತದೆ.

ಒಂದು ಹಣ್ಣಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅವಶ್ಯ. ಕೆನಡಾದ ಡೇವಿಡ್ ಬೇಲಿ ಎಂಬ ವಿಜ್ಞಾನಿ ರಕ್ತದೊತ್ತಡದ ಒಂದು ಔಷಧವನ್ನು ಪರೀಕ್ಷಿಸುವಾಗ, ಮದ್ಯದ ರುಚಿಯನ್ನು ಮರೆಮಾಚಲೆಂದು ಗ್ರೇಪ್‌ಫ್ರೂಟ್ ಹಣ್ಣಿನ ರಸವನ್ನು ಬಳಸಿದ್ದನು. ಔಷಧವು ರಕ್ತದಲ್ಲಿ ನಿರೀಕ್ಷೆಗಿಂತ ಬಹಳ ಹೆಚ್ಚಾಗಿ ಕಂಡುಬಂದಿತು. ಅದರ ವರದಿ 1989ರಲ್ಲಿ ಪ್ರಕಟವಾಯಿತು. ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ಈ ರಸವು ತಡೆಯುತ್ತದೆ. ಸಿಮ್ವಾಸ್ಟ್ಯಾಟಿನ್, ಲೋವಾಸ್ಟ್ಯಾಟಿನ್, ಅಟೋರ್ವಾಸ್ಟ್ಯಾಟಿನ್ ಈ ಕಿಣ್ವಕ್ಕೆ ಒಳಪಟ್ಟವು. ರೋಸುವಾಸ್ಟ್ಯಾಟಿನ್‌ಗೆ ಈ ತೊಡಕು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಚಕ್ಕೋತವು ಗ್ರೇಪ್‌ಫ್ರೂಟಿನ ಹತ್ತಿರದ ಬಂಧು. ಅದರಲ್ಲಿಯೂ ಈ ಗುಣವುಂಟು. ಕ್ಲಾರಿಥ್ರೋಮೈಸಿನ್‌ನಂತಹ ಕೆಲವು ಔಷಧಗಳೂ ಇದೇ ಕಿಣ್ವವನ್ನು ತಡೆಯುವುದರಿಂದ, ಬೇರೆ ಕಾಯಿಲೆಗೆ ಮದ್ದು ಪಡೆಯುವಾಗ ಈ ಗುಳಿಗೆಯ ಹೆಸರನ್ನು ವೈದ್ಯರಿಗೆ ಹೇಳಬೇಕು.

ಗುಳಿಗೆಯ ಅಂಶ ರಕ್ತದಲ್ಲಿ ಹೀಗೆ ಏರಿದರೆ, ಅಪರೂಪವಾಗಿ, ಸ್ನಾಯುಗಳು ಹಾನಿಗೊಳ್ಳುತ್ತವೆ. ಮಗ್ಗದವರು ಮಗ್ಗವನ್ನೂ ಕಬ್ಬಿನವರು ಕುಡುಗೋಲನ್ನೂ ದೂರುತ್ತ ಸುಮ್ಮನಿರುವುದು ಇಲ್ಲಿಯೇ. ಬಿಡುವಿನ ದಿನವೂ ಎರಡೂ ತೊಡೆ, ಭುಜಗಳು ನೋಯುತ್ತಿದ್ದರೆ, ಶಕ್ತಿ ಕುಂದಿದ್ದರೆ, ಮೂತ್ರವು ಚಹದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಅನೇಕ ವೇಳೆ ಆ ನೋವಿಗೆ ಗುಳಿಗೆ ಕಾರಣವೇ ಆಗಿರುವುದಿಲ್ಲ. ರಕ್ತಪರೀಕ್ಷೆಯಿಂದ ವೈದ್ಯರು ಅದನ್ನು ವಿವೇಚಿಸಬಲ್ಲರು. ಕಾರಣವಾಗಿದ್ದರೆ ಪ್ರಮಾಣವನ್ನು ತಗ್ಗಿಸುವುದೂ ಬೇರೆ ಗುಳಿಗೆಯನ್ನು ಕೊಡುವುದೂ ಉಂಟು.