ಬಲಗುಂಡಿಯ ಪಟ್ಟಿಗೆ ಒಂದು ಹೊಸ ಸಾಲು

ಚಳ್ಳಕೆರೆ ಸೀಮೆಯ ವರವು ಕಾವಲ್ ಹಿಂದೆ ಅಮೃತಮಹಲ್ ದನಗಳ ಹುಲ್ಲುಗಾವಲು. 2023ರ ಏಪ್ರಿಲ್ 2ರಂದು ಅಲ್ಲಿಯ ವಾಯುಯಾನ ಪರೀಕ್ಷಾಕ್ಷೇತ್ರದಲ್ಲಿ ಇಸ್ರೋದ ರೆಕ್ಕೆಯ ವಾಹನವು ಸುಮಾರು 4.5 ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬೇರ್ಪಟ್ಟು, ಚಾಲಕನಿಲ್ಲದೆ ತಾನಾಗಿ ಬಂದಿಳಿಯಿತು. ನಾವು ಹೇಳಹೊರಟಿರುವ ಯಂತ್ರಕೌಶಲ ಅಷ್ಟು ದೊಡ್ಡದಲ್ಲ. ಆದರೆ ಅದೇ ಕಾವಲಿನ ಅಂಚಿನ ಹಳ್ಳಿಗಳಿಂದ ಬರುವ ನಮ್ಮ ವಿದ್ಯಾರ್ಥಿಗಳಿಗೆ ಅದು ಒದಗಿಬಂದಿತು.

ಕಾವಲಿನ ಹುಲ್ಲು, ಕಟ್ಟೆ, ದನಕರುಗಳ ವಿಚಾರವಾಗಿ ಹಿರಿಯರು ಹೇಳಿದ್ದನ್ನು ಹಿಂದೊಮ್ಮೆ ಹಳೆಯ ‘ನುಡಿ’ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಡಲಾಗಿತ್ತು. ಹೇಳಿದವರಲ್ಲಿ ಕೆಲವರು ಈಗಿಲ್ಲ. ಯೂನಿಕೋಡನ್ನು ಮಾತ್ರ ಬಲ್ಲ ಫೋನುಗಳಲ್ಲಿ ಆ ಕಡತಗಳು ರೋಮನ್ ಅಕ್ಷರಗಳ ಕಸದಂತೆ ಕಾಣುತ್ತಿದ್ದವು. ಅವನ್ನು ಮಾರ್ಪಡಿಸುವ ಕಿರು ಕ್ರಮವಿಧಿಯೊಂದನ್ನು ಸಿದ್ಧಪಡಿಸಿದೆವು. ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿದಾಗ ತೆರೆಯುವ ಪಟ್ಟಿಯಲ್ಲಿಯೇ ‘ಯೂನಿಕೋಡಿಗೆ ಮಾರ್ಪಡಿಸು’ ಎಂಬ ಸಾಲು ಏಕಿರಬಾರದು?

ವಿಂಡೋಸ್ ವ್ಯವಸ್ಥೆಯಲ್ಲಿ ಈ ಪಟ್ಟಿಯನ್ನು ಮೊದಲೇ ಬರೆದಿಟ್ಟಿರುವುದಿಲ್ಲ. ಗುಂಡಿ ಒತ್ತಿದಾಗ ಎಕ್ಸ್‌ಪ್ಲೋರರ್ ಎಂಬ ಕಡತಪಾಲಕನು ‘ರಿಜಿಸ್ಟ್ರಿ’ ಎಂಬ ದಫ್ತರವನ್ನು ನೋಡಿ, ಆ ಜಾತಿಯ ಕಡತಕ್ಕಾಗಿ ಯಾರು ಯಾರು ನೋಂದಾಯಿಸಿಕೊಂಡಿದ್ದಾರೆಂದು ತಿಳಿದು ಪಟ್ಟಿಯನ್ನು ಕಟ್ಟುತ್ತಾನೆ. ‘ಶೆಲ್’ ಎಂಬ ಶಾಖೆಯ ಕೆಳಗೆ ಸಾಲಿನ ಹೆಸರು, ಅದರಡಿ ‘ಕಮಾಂಡ್’ ಎಂಬಲ್ಲಿ ಕ್ರಮವಿಧಿಯ ವಿಳಾಸ, ಕೊನೆಗೆ %1 ಎಂಬ ಗುರುತು, ಇಷ್ಟಿದ್ದರೆ ಸಾಕು. ಆರಿಸಿದ ಕಡತದ ಹೆಸರು ಆ ಗುರುತಿನ ಜಾಗದಲ್ಲಿ ಬಂದು ಕೂರುತ್ತದೆ. ಗುರುತಿನ ಸುತ್ತ ಉದ್ಧರಣ ಚಿಹ್ನೆ ಹಾಕಲು ನಾವು ಮರೆತಿದ್ದೆವು. ‘ವರವು ಕಾವಲ್’ ಎಂದು ನಡುವೆ ತೆರಪಿದ್ದ ಹೆಸರು ಎರಡು ತುಂಡಾಗಿ, ‘ವರವು’ ಎಂಬ ಇಲ್ಲದ ಕಡತವನ್ನು ಕ್ರಮವಿಧಿಯು ಹುಡುಕಹೊರಟಿತು!

ಇನ್ನೊಂದು ದಾರಿಯೂ ಉಂಟು. ಅದರಲ್ಲಿ ತಂತ್ರಾಂಶವು ಬರಿಯ ವಿಳಾಸವನ್ನು ಕೊಡದೆ, ತನ್ನದೊಂದು ಭಾಗವನ್ನೇ ಕಡತಪಾಲಕನೊಳಗೆ ಸೇರಿಸುತ್ತದೆ. ಅದು ಕಡತವನ್ನು ಪರೀಕ್ಷಿಸಿ ಸಂದರ್ಭಕ್ಕೆ ತಕ್ಕ ಸಾಲುಗಳನ್ನು ಕೂಡಿಸಬಲ್ಲದು. ಅಪಾಯವೂ ಇಲ್ಲಿಯೇ. ಒಳಗೆ ಬಂದ ಭಾಗ ತಡಮಾಡಿದರೆ ಇಡೀ ಪಟ್ಟಿಯೇ ಕಾಯಬೇಕು; ಅದು ಕುಸಿದರೆ ಕಡತಪಾಲಕನೂ ಕುಸಿಯುತ್ತಾನೆ. ನಮ್ಮ ಪ್ರಯೋಗಶಾಲೆಯ ಯಂತ್ರವೊಂದರಲ್ಲಿ ಪಟ್ಟಿ ತೆರೆಯಲು ಹತ್ತೆಣಿಸುವಷ್ಟು ಹೊತ್ತು ಹಿಡಿಯುತ್ತಿತ್ತು. ಯಾರೋ ಹಾಕಿ ಮರೆತಿದ್ದ ತಂತ್ರಾಂಶದ ನೋಂದಣಿಯನ್ನು ತೆಗೆದೊಡನೆ ಸರಿಹೋಯಿತು. ನಾವು ಮೊದಲನೆಯ ದಾರಿಯನ್ನೇ ಹಿಡಿದುದಕ್ಕೆ ಇದೂ ಒಂದು ಕಾರಣ.

2021ರಲ್ಲಿ ಬಂದ ವಿಂಡೋಸ್ 11 ಪಟ್ಟಿಯನ್ನು ಮೊಟಕುಗೊಳಿಸಿತು. ಗುರುತುಳ್ಳ ಪೊಟ್ಟಣವಾಗಿ, ಹೊಸ ವಿಧಾನದಲ್ಲಿ ಬರುವ ತಂತ್ರಾಂಶಗಳ ಸಾಲುಗಳಿಗೆ ಮೊದಲ ಪುಟ. ಹಳೆಯ ಬಗೆಯವಕ್ಕೆ ‘ಇನ್ನಷ್ಟು ಆಯ್ಕೆಗಳು’ ಎಂಬುದರ ಹಿಂದೆ ಜಾಗ. ನಮ್ಮ ಸಾಲು ಈಗ ಇರುವುದು ಅಲ್ಲಿಯೇ. ವಿದ್ಯಾರ್ಥಿಗಳು ಒಂದು ಸಲ ಹೆಚ್ಚಾಗಿ ಒತ್ತುತ್ತಾರೆ. ಮಾರ್ಪಟ್ಟ ಬರಹದಲ್ಲಿ ಅರ್ಕಾವತ್ತುಗಳು ಕೆಲವೆಡೆ ಇನ್ನೂ ಜಾಗ ತಪ್ಪಿ ಕೂರುತ್ತವೆ. ಅವನ್ನು ಕೈಯಿಂದಲೇ ತಿದ್ದುತ್ತಿದ್ದಾರೆ.