ಪ್ಲೈವುಡ್ ಪೆಟ್ಟಿಗೆಯಲ್ಲಿ ಉಡ

ಪ್ರಶ್ನೆ: ಗೋರೆಗಾಂವ್‌ನಲ್ಲಿ ನಮ್ಮ ಕಟ್ಟಡದ ಹಿಂದೆ ಉಡದ ಮರಿ ಸಿಕ್ಕಿದೆ. ಮರದ ಗೂಡು ಮಾಡಿ ಸಾಕಬಹುದೇ?

ಉತ್ತರ: ಖಂಡಿತ ಬೇಡ. ಆರೆ ಕಾಲೊನಿ, ಬೊರಿವಲಿಯ ಸಂಜಯ ಗಾಂಧಿ ಉದ್ಯಾನದ ಆಸುಪಾಸಿನಲ್ಲಿ ಓಡಾಡುವ ಈ ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಹುಲಿಯ ಸಾಲಿನಲ್ಲೇ. ಹಿಡಿದಿಟ್ಟುಕೊಂಡರೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಪ್ರೀತಿಯಿಂದ ಸಾಕಿದೆ ಎಂದರೆ ನ್ಯಾಯಾಲಯ ಕೇಳುವುದಿಲ್ಲ.

ಕಾನೂನು ಒತ್ತಟ್ಟಿಗಿರಲಿ, ಗೂಡಿನ ಲೆಕ್ಕವನ್ನೇ ನೋಡಿ. ಇಂದು ಅಂಗೈಯಲ್ಲಿ ಹಿಡಿಸುವ ಮರಿ ಬಾಲ ಸೇರಿ ಐದಡಿ ಮೀರಿ ಬೆಳೆಯಬಲ್ಲದು. ವಿದೇಶಗಳಲ್ಲಿ ಬೇರೆ ಜಾತಿಯ ಉಡ ಸಾಕುವವರು ಎಂಟಡಿ ಉದ್ದದ ಪೆಟ್ಟಿಗೆ ಕಟ್ಟಿ, ತೋಡಲು ಅಡಿಗಟ್ಟಲೆ ಮಣ್ಣು ತುಂಬುತ್ತಾರೆ. ಮೈ ಕಾಯಿಸುವ ಜಾಗವನ್ನು ದೀಪದಿಂದ 50 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ ಮಾಡುತ್ತಾರೆ. ಒದ್ದೆ ಮಣ್ಣಿಗೆ ತಾಗಿದ ಪ್ಲೈವುಡ್ ಮುಂಬೈ ಮಳೆಗಾಲದಲ್ಲಿ ಊದಿ, ಪದರ ಬಿಡುತ್ತದೆ. ಉಳಿದದ್ದನ್ನು ಉಗುರು ನೋಡಿಕೊಳ್ಳುತ್ತದೆ. ಉಡದ ಪಟ್ಟು ಬರೀ ಮಾತಲ್ಲ! ಮುಂಬೈನ ಒಂದು ಕೋಣೆಯ ಮನೆಯಲ್ಲಿ ಆಮೇಲೆ ಮಲಗುವುದು ಯಾರು?

ಮರಿಯನ್ನು ಗಾಳಿಯಾಡುವ ಡಬ್ಬದಲ್ಲಿಟ್ಟು, ತಿನ್ನಲು ಏನೂ ಕೊಡದೆ, ಇಂದೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆಮಾಡಿ.