ಮನೆಯಲ್ಲಿ ನಿತ್ಯ ಸತ್ಯವೇದ ಪಾರಾಯಣ

ಸದ್ಗ್ರಂಥವನ್ನು ಮನೆಯಲ್ಲಿಟ್ಟುಕೊಳ್ಳುವುದು ಸುಲಭ. ದಿನವೂ ತೆರೆಯುವುದು ಕಷ್ಟ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ವಚನಗಳನ್ನು ಓದುವ ಮನೆಗಳುಂಟು, ಗೀತೆಯನ್ನು ಪಠಿಸುವ ಮನೆಗಳುಂಟು. ನಮ್ಮದು ಸತ್ಯವೇದವನ್ನೋದುವ ಮನೆ. ಗ್ರಂಥವು ಯಾವುದಾದರೂ ಗೃಹಸ್ಥರ ತೊಡಕು ಒಂದೇ: ಸಂಕಲ್ಪವು ಸಂಭ್ರಮದಿಂದ ಹುಟ್ಟಿ, ತಿಂಗಳು ತುಂಬುವುದರೊಳಗೆ ಸೊರಗುತ್ತದೆ.

ಇದನ್ನು ಅನುಭವದಿಂದಲೇ ಬರೆಯುತ್ತಿದ್ದೇನೆ. ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದೊಡನೆ, ಇಡೀ ಸತ್ಯವೇದವನ್ನು ಒಂದೇ ವರ್ಷದಲ್ಲಿ ಮುಗಿಸುವೆನೆಂದು ನಿಶ್ಚಯಿಸಿದೆನು. ನಮ್ಮ ಪ್ರತಿಯಲ್ಲಿ 66 ಪುಸ್ತಕಗಳು, 1189 ಅಧ್ಯಾಯಗಳು. ದಿನಕ್ಕೆ ಮೂರು, ಭಾನುವಾರ ಐದು ಅಧ್ಯಾಯಗಳಾದರೆ ವರ್ಷಕ್ಕೆ ಸರಿಹೋಗುತ್ತದೆ. ಲೆಕ್ಕವೇನೋ ಸರಿಯೇ. ಆದಿಕಾಂಡವು ಕಥಾರಸದಿಂದ ಸಾಗಿತು. ಯಾಜಕಕಾಂಡದ ಬಲಿವಿಧಿಗಳಲ್ಲಿ ನಡಗೆ ಕುಂಠಿತವಾಯಿತು. ನಡುವೆ ಜ್ವರದಿಂದ ನಾಲ್ಕು ದಿನ ತಪ್ಪಿ, ಹನ್ನೆರಡು ಅಧ್ಯಾಯಗಳು ಸಾಲವಾಗಿ ನಿಂತವು. ಸಾಲಗಾರನು ಸಾಹುಕಾರನ ಬೀದಿಯನ್ನು ತಪ್ಪಿಸಿ ನಡೆಯುವಂತೆ, ನಾನು ಗ್ರಂಥವಿದ್ದ ಮೇಜನ್ನು ತಪ್ಪಿಸಿ ನಡೆಯತೊಡಗಿದೆನು.

ನನ್ನ ಸಹಧರ್ಮಿಣಿಯಾದರೋ ಪ್ರತಿದಿನ ಬೆಳಿಗ್ಗೆ, ಹಾಲು ಕಾಯಿಸಿ ಇಳಿಸಿದ ಮೇಲೆ, ಒಂದೇ ಒಂದು ಕೀರ್ತನೆಯನ್ನು ಓದುತ್ತಿದ್ದಳು. 119ನೆಯ ಕೀರ್ತನೆಗೆ 176 ವಾಕ್ಯಗಳು; ಅದು ಎಂಟೆಂಟು ವಾಕ್ಯಗಳ 22 ಭಾಗಗಳಾಗಿರುವುದರಿಂದ, ದಿನಕ್ಕೊಂದು ಭಾಗ. ಹೀಗೆ 150 ಕೀರ್ತನೆಗಳು ಆರು ತಿಂಗಳೊಳಗೆ ಮುಗಿದರೆ ಪುನಃ ಮೊದಲಿನಿಂದ. ಒಂದು ದಿನ ತಪ್ಪಿದರೆ ಮರುದಿನ ಎರಡನ್ನು ಓದುತ್ತಿರಲಿಲ್ಲ. ಇದೂ ಒಂದು ಅಧ್ಯಯನವೇ ಎಂದು ನಾನು ಒಳಗೊಳಗೇ ನಗುತ್ತಿದ್ದೆನು.

ಬಳಿಕ ಆಕೆಯ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಾಯಿತು. ಓದಿ ಹೇಳುವ ಕೆಲಸ ನನ್ನದಾಯಿತು. ಒಂದು ದಿನ ಆತುರದಲ್ಲಿ ಎರಡು ವಾಕ್ಯಗಳನ್ನು ಹಾರಿಸಿದೆನು. “ನೋಡಿ, ನಡುವೆ ಎರಡು ಬಿಟ್ಟಿರಿ” ಎಂದು ಆಕೆ ಅವನ್ನು ಬಾಯಿಪಾಠವಾಗಿ ಹೇಳಿದಳು. ಅಂದು ನನಗಾದ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಪಾರಾಯಣವೆಂದರೆ ದಡ ಮುಟ್ಟುವ ಪಯಣ. ಹೊಳೆಯನ್ನು ಯಾರೂ ಒಂದೇ ನೆಗೆತಕ್ಕೆ ದಾಟುವುದಿಲ್ಲ. ಆದುದರಿಂದ ಹೊಸದಾಗಿ ತೊಡಗುವವರು ಮೊದಲು ಹೊತ್ತನ್ನು ಗೊತ್ತುಮಾಡಿಕೊಳ್ಳತಕ್ಕದ್ದು. “ಬಿಡುವಾದಾಗ ಓದುವೆನು” ಎನ್ನುವವನಿಗೆ ಬಿಡುವಾಗುವುದೇ ಇಲ್ಲ. ಬೆಳಗಿನ ಕಾಫಿಯಂತಹ, ಎಂದೂ ತಪ್ಪದ ಕೆಲಸವೊಂದರ ಬೆನ್ನಿಗೆ ಓದನ್ನು ಕಟ್ಟಬೇಕು. ಎರಡನೆಯದಾಗಿ, ಅಳತೆ ಕಿರಿದಾಗಿರಲಿ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯಗಳು. ಆರಂಭಕ್ಕೆ ಅದು ಸಾಕು. ಜ್ಞಾನೋಕ್ತಿಗಳಲ್ಲಿ 31, ತಾರೀಖಿಗೊಂದರಂತೆ ತಿಂಗಳಿಗೆ ಮುಗಿಯುತ್ತದೆ. ಹೊಸ ಒಡಂಬಡಿಕೆಯಲ್ಲಿ 260. ವಾರಕ್ಕೆ ಐದು ದಿನ ಒಂದೊಂದನ್ನೋದಿದರೂ ವರ್ಷಕ್ಕೆ ಪೂರ್ತಿಯಾಗುತ್ತದೆ, ನೆಂಟರಿಗೂ ಕಾಯಿಲೆಗೂ ಎರಡು ದಿನ ಉಳಿಯುತ್ತವೆ. ಮೂರನೆಯದಾಗಿ, ತಪ್ಪಿದ ದಿನವನ್ನು ಸಾಲವೆಂದೆಣಿಸದೆ, ಬಿಟ್ಟಲ್ಲಿಂದ ಮುಂದುವರಿಯಬೇಕು. ಕೊನೆಯದಾಗಿ, ಗಟ್ಟಿಯಾಗಿ ಓದಬೇಕು. ಮಕ್ಕಳ ಕಿವಿಗೂ ಬೀಳಲಿ.

ಈ ಗ್ರಂಥವು ಕನ್ನಡಕ್ಕೆ ಬಂದುದೂ ದಿನದಿನದ ದುಡಿಮೆಯಿಂದಲೇ. ಲಂಡನ್ ಮಿಷನರಿ ಸಂಘದ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದುದು 1810ರಲ್ಲಿ. ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾದುದು 1831ರಲ್ಲಿ. ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಶ್ರಮದ ಫಲವನ್ನು ನಾವು ವರ್ಷದೊಳಗೇ ನುಂಗಬೇಕೆಂಬ ಅವಸರವೇಕೆ?

ಶಸ್ತ್ರಚಿಕಿತ್ಸೆಯಾಗಿ ಆಕೆಗೆ ದೃಷ್ಟಿ ಮರಳಿದೆ. ಆದರೂ ಹಾಲು ಇಳಿದೊಡನೆ ಪುಸ್ತಕವು ನನ್ನ ಕೈಗೇ ಬರುತ್ತದೆ. ಈಗ ನಾನು ಒಂದು ವಾಕ್ಯವನ್ನೂ ಬಿಡುವುದಿಲ್ಲ.